ಸ್ವೈಪ್ ಮೆಷಿನ್ ವಾಪಸ್ ಹೋಯಿತು

ಹುಬ್ಬಳ್ಳಿಯ ದಾಜಿಬಾನಪೇಟೆಯ ನಮ್ಮ ಸೀರೆ ಅಂಗಡಿಯಿಂದ ಇವತ್ತು ಸ್ವೈಪ್ ಮೆಷಿನ್ ಹೋಯಿತು. 2016ರ ನವೆಂಬರ್‌ನಲ್ಲಿ 500, 1000ದ ನೋಟು ರದ್ದಾದಾಗ ತಂದಿದ್ದೆವು. ಮದುವೆ ಸೀಸನ್, ಯಾರ ಕೈಯಲ್ಲೂ ರೊಕ್ಕ ಇಲ್ಲ. ಆಗ ಅಂಗಡಿ ಉಳಿಸಿದ್ದು ಅದೇ. ಕಂಪನಿಯ ಹುಡುಗ ಅಪ್ಪನ ಪಕ್ಕ ಕೂತು, ಕಾರ್ಡ್ ಹೇಗೆ ಉಜ್ಜಬೇಕು ಅಂತ ಎರಡು ದಿನ ಕಲಿಸಿದ್ದ.

ಈಗ ಒಪ್ಪಂದ ಮುಗಿಯಿತು ಅಂತ ಒಂದು ಮೇಲ್, ಅಷ್ಟೇ. ಇಷ್ಟು ವರ್ಷದ ವ್ಯವಹಾರ, ಒಂದು ಫೋನ್ ಮಾಡಬಹುದಿತ್ತು ಅಲ್ವಾ? 2020ರಿಂದ ಯುಪಿಐಗೆ ಅಂಗಡಿಯವರು ಕಮಿಷನ್ ಕೊಡಬೇಕಿಲ್ಲ. ಗಿರಾಕಿಗಳೂ ಜಾಸ್ತಿ ಕ್ಯೂಆರ್ ಕೋಡೇ ಕೇಳುತ್ತಾರೆ. ಕಂಪನಿಯವರ ಲೆಕ್ಕ ಅರ್ಥವಾಗುತ್ತದೆ. ಆದರೂ ಬಹಳ ಬೇಜಾರಾಯಿತು.

ಗಲ್ಲಾಪೆಟ್ಟಿಗೆ ಪಕ್ಕದ ಗಾಜಿನ ಮೇಲೆ ಮೆಷಿನ್ ಇದ್ದಷ್ಟೇ ಜಾಗ ಹೊಳೆಯುತ್ತಿದೆ. ಬಿಲ್ ಪೇಪರಿನ ಎರಡು ರೋಲ್ ಇನ್ನೂ ಉಳಿದಿವೆ. ಅಪ್ಪ ಎಸೆಯಲು ಬಿಡಲಿಲ್ಲ.