ಎರಡೂ ಬರ್ಕೋ ಅಂದರು ಸರ್

"ಎರಡೂ ಬರ್ಕೋ ವಾ. ಆವಾಗಿಂದೂ ನಂದ, ಈಗಿಂದೂ ನಂದ."

ಈ ವಾರವೆಲ್ಲ ತಲೆಯಲ್ಲಿ ಇದೇ ಮಾತು. ಹೇಳಿದವರು ಪುಣೆಯ ಕೋಥ್ರೂಡ್‌ನಲ್ಲಿರುವ ನಿವೃತ್ತ ಕಾನೂನು ಪ್ರಾಧ್ಯಾಪಕರು. ಧಾರವಾಡ ಬಿಟ್ಟು ಎಷ್ಟೋ ವರ್ಷವಾಗಿದೆ, ಮಾತು ಮಾತ್ರ ಇನ್ನೂ ಸಪ್ತಾಪುರದ್ದೇ.

ನನ್ನ ಇಂಟರ್ನ್‌ಶಿಪ್ ಕೆಲಸ ಇಷ್ಟೇ. ಸಂವಿಧಾನದಲ್ಲಿ ಏನೇನು ಬದಲಾಗಬೇಕು ಅಂತ ತಜ್ಞರನ್ನು ಕೇಳಿ ಫಾರ್ಮ್ ತುಂಬಿಸಿಕೊಂಡು ಬರುವುದು. ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಚೌಕ. ಯಾವುದಾದರೂ ಒಂದಕ್ಕೆ ಟಿಕ್.

ಪಕ್ಷಾಂತರದ ಪ್ರಶ್ನೆ ಬಂತು. ಶಾಸಕರ ಅನರ್ಹತೆ ತೀರ್ಮಾನಿಸುವ ಅಧಿಕಾರವನ್ನು ಸ್ಪೀಕರ್ ಕೈಯಿಂದ ತೆಗೆಯಬೇಕೇ? ಹೌದು ಅಂದರು ಸರ್. ಆದರೆ ಅವರ ಹಳೇ ಲೇಖನವೊಂದನ್ನು ನಾನು ಓದಿಕೊಂಡು ಹೋಗಿದ್ದೆ. ಅದರಲ್ಲಿ ಸ್ಪೀಕರ್ ಹತ್ತಿರವೇ ಇರಲಿ ಅಂತ ವಾದಿಸಿದ್ದರು. ಸ್ವಲ್ಪ ಅಳುಕುತ್ತಲೇ ಅದನ್ನು ಕೇಳಿದೆ.

ಅವರು ಎದ್ದು ಹೋಗಿ ತಮ್ಮ ಸಂವಿಧಾನದ ಪುಸ್ತಕ ತಂದರು. ಬೆನ್ನು ಕಿತ್ತು ಹೋಗಿ ಟೇಪ್ ಅಂಟಿಸಿದ ಪುಸ್ತಕ. ಪಕ್ಷಾಂತರ ತಡೆಯುವ ನಿಯಮಗಳಿರುವ ಹತ್ತನೇ ಅನುಸೂಚಿಯಲ್ಲಿ, ಸ್ಪೀಕರ್‌ಗೆ ಈ ಅಧಿಕಾರ ಕೊಡುವ 6ನೇ ಪ್ಯಾರಾ ಪಕ್ಕ ಪೆನ್ಸಿಲ್‌ನಲ್ಲಿ ಒಂದು ರೈಟ್ ಗುರುತು. ಅದರ ಕೆಳಗೆ ನೀಲಿ ಬಾಲ್‌ಪೆನ್ನಿನ ಪ್ರಶ್ನಾರ್ಥಕ ಚಿಹ್ನೆ, ಎರಡು ಸಲ ತಿದ್ದಿ ದಪ್ಪ ಮಾಡಿದ್ದು. ಪೆನ್ಸಿಲ್ ಗುರುತನ್ನು ಅಳಿಸಿರಲಿಲ್ಲ. ಅದರ ಮೇಲೆ ಬೆರಳಿಟ್ಟೇ ‘ಎರಡೂ ಬರ್ಕೋ’ ಅಂದದ್ದು. ಆಮೇಲೆ, "ಯಾಕ ಬದಲಾತು ಅನ್ನೂದು ನಿನ್ನ ಫಾರ್ಮಿನ್ಯಾಗ ಎಲ್ಲದ?" ಅಂತ ಕೇಳಿದರು. ಎಲ್ಲೂ ಇರಲಿಲ್ಲ.

ಕಾರಣ ಅವರೇ ಬಿಡಿಸಿ ಹೇಳಿದರು. 1985ರಲ್ಲಿ 52ನೇ ತಿದ್ದುಪಡಿಯಿಂದ ಈ ಅನುಸೂಚಿ ಬಂತು. ಸ್ಪೀಕರ್ ತೀರ್ಮಾನವನ್ನು ಕೋರ್ಟು ಪರಿಶೀಲಿಸಬಹುದು ಅಂತ 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ಸಾಕು ಅಂತ ಸರ್ ಆಗ ನಂಬಿದ್ದರಂತೆ. 2019ರಲ್ಲಿ ನಮ್ಮ ಕರ್ನಾಟಕದ ಕೆಲವು ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತರು, 17 ಮಂದಿ ಅನರ್ಹರಾದರು, ಅವರಲ್ಲಿ ಹಲವರು ಕೋರ್ಟಿನ ಅನುಮತಿಯಿಂದ ಉಪಚುನಾವಣೆಗೂ ನಿಂತರು. 2022ರಲ್ಲಿ ಇಲ್ಲಿ ಮಹಾರಾಷ್ಟ್ರದಲ್ಲಿ ಶಿವಸೇನೆ ಒಡೆಯಿತು. ಸ್ಪೀಕರ್ ತೀರ್ಮಾನ ಬಂದದ್ದು 2024ರ ಜನವರಿಯಲ್ಲಿ. ನಡುವೆ, 2020ರಲ್ಲಿ, ಈ ಕೆಲಸ ಸ್ಪೀಕರ್ ಬಳಿ ಇರಬೇಕೇ ಅಂತ ಸಂಸತ್ತು ಮತ್ತೆ ಯೋಚಿಸಲಿ ಎಂದು ಸುಪ್ರೀಂ ಕೋರ್ಟೇ ಹೇಳಿತ್ತು. ಇಷ್ಟೆಲ್ಲ ನೋಡಿ ಬದಲಾದ ಮನಸ್ಸು ಅದು. ಅದನ್ನು ಒಂದು ಟಿಕ್‌ನಲ್ಲಿ ಹೇಗೆ ತುಂಬಲಿ?

ಗೈಡ್‌ಗೆ ಹೇಳಿದೆ. "ಈಗಿನದ್ದು ಹಾಕು, ಸಾಕು" ಅಂದರು. ಅವರು ಒಳ್ಳೆಯವರೇ. ಲೆಕ್ಕ ಹಾಕೋಕೆ ಒಬ್ಬರಿಗೆ ಒಂದೇ ಉತ್ತರ ಬೇಕು ಅನ್ನೋದೂ ನಿಜ. ಆದರೂ ನನಗೆ ಸಮಾಧಾನವಿಲ್ಲ. ಮೊದಲಿಂದ ಹೌದು ಅಂದವರೂ, ಇಲ್ಲ ಅಂತಿದ್ದು ಹೌದು ಅಂದವರೂ ಒಂದೇ ಚೌಕದಲ್ಲಿ ಬೀಳುತ್ತಾರೆ. ಎರಡನೆಯವರಿಂದ ಕಲಿಯೋದು ಜಾಸ್ತಿ ಇರುತ್ತೆ, ಅಲ್ವಾ?

ಸುಪ್ರೀಂ ಕೋರ್ಟೂ ಹೀಗೇ ಅಭಿಪ್ರಾಯ ಬದಲಿಸಿದೆ. ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದಬಹುದು ಅಂತ 1951ರಲ್ಲಿ ಹೇಳಿತು. ತಿದ್ದುವಂತಿಲ್ಲ ಅಂತ 1967ರ ಗೋಲಕನಾಥ್ ತೀರ್ಪಿನಲ್ಲಿ ಹೇಳಿತು. 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಅವರ ಕೇಸಿನ ತೀರ್ಪು ಬಂತು. ತಿದ್ದಬಹುದು, ಸಂವಿಧಾನದ ಮೂಲ ರಚನೆಗೆ, ಅಂದರೆ ಅದರ ಬುನಾದಿಯಂಥ ತತ್ವಗಳಿಗೆ, ಮಾತ್ರ ಕೈ ಹಚ್ಚುವಂತಿಲ್ಲ ಅಂತಾಯಿತು. 13 ನ್ಯಾಯಮೂರ್ತಿಗಳಲ್ಲಿ 7 ಮಂದಿ ಒಂದು ಕಡೆ, 6 ಮಂದಿ ಇನ್ನೊಂದು ಕಡೆ. ಆ ಆರು ಮಂದಿ ಬರೆದದ್ದನ್ನೂ ನಾವು ಇವತ್ತು ಕೂತು ಓದಬಹುದು. ಹಳೆಯ ತೀರ್ಪುಗಳನ್ನು ಯಾರೂ ಹರಿದು ಬಿಸಾಕಿಲ್ಲ.

ಸರ್ ಅವರ ಫಾರ್ಮಿಗೆ ನಾನು ಒಂದು ಹಾಳೆ ಪಿನ್ ಮಾಡಿದ್ದೇನೆ, ಎರಡೂ ಅಭಿಪ್ರಾಯ, ನಡುವಿನ ಕಾರಣ ಬರೆದು. ಸೋಮವಾರದ ಮೀಟಿಂಗಿನಲ್ಲಿ ಒಂದು ಕಾಲಂ ಕೇಳುತ್ತೇನೆ: ಮೊದಲೂ ಹೀಗೇ ಅನ್ನಿಸಿತ್ತಾ? ಇಲ್ಲದಿದ್ದರೆ ಏನು ನೋಡಿ ಬದಲಾಯಿತು? ಮುಂದಿನ ವಾರ ಮುಂಬೈನಲ್ಲಿ ಇಬ್ಬರು ವಕೀಲರನ್ನು ನೋಡುವುದಿದೆ. ಕಾಲಂ ಸಿಗಲಿ ಬಿಡಲಿ, ಇದನ್ನು ಕೇಳದೆ ಬರುವುದಿಲ್ಲ.