ಬೀರು ಸರಿಸಿದಾಗ ಕಂಡ ನೆಲ

ಮೈಸೂರಿನ ಚಾಮರಾಜಪುರಂನಲ್ಲಿರುವ ನಮ್ಮ ಮನೆಯನ್ನು ತಾತ ಕಟ್ಟಿಸಿದ್ದು 1950ರ ದಶಕದಲ್ಲಿ. ನಡುಮನೆಗೆ ಕೆಂಪು ಗಾರೆ ನೆಲ, ಸುತ್ತಲೂ ಗೇಣಗಲದ ಕಪ್ಪು ಅಂಚು. ಕಳೆದ ವರ್ಷ ನೆಲದಡಿ ಹೋಗಿದ್ದ ನೀರಿನ ಪೈಪು ತುಕ್ಕು ಹಿಡಿದು ಸೋರತೊಡಗಿತು. ಅದನ್ನು ಬದಲಾಯಿಸಲು ಕಿಟಕಿಯ ಬುಡದಿಂದ ಬಚ್ಚಲ ಬಾಗಿಲವರೆಗೆ ಉದ್ದಕ್ಕೂ ಅಗೆಯಲೇಬೇಕಾಗಿತ್ತು. ಅಗೆದ ಮೇಲೆ ಏನು ಮಾಡುವುದು ಎಂದಾಗ ಕಂಟ್ರಾಕ್ಟರು, "ಹಳೇ ನೆಲದ ಮೇಲೇ ವಿಟ್ರಿಫೈಡ್ ಟೈಲ್ಸ್ ಅಂಟಿಸಿಬಿಡೋಣ ಮೇಡಂ, ಎರಡು ದಿನದ ಕೆಲಸ" ಅಂದರು. ಅಮ್ಮ ಕೂಡಲೇ ಒಪ್ಪಿದರು. ನನಗೆ ಮಾತ್ರ ಮನಸ್ಸು ಬರಲಿಲ್ಲ. ಯಾಕೆ ಎಂದು ಕೇಳಿದರೆ ಆಗ ಹೇಳಲೂ ಬರುತ್ತಿರಲಿಲ್ಲ.

ಕೆಲಸಕ್ಕೆ ಜಾಗ ಮಾಡಲು ತಾತನ ಕಾಲದ ಮರದ ಬೀರುವನ್ನು ಸರಿಸಿದೆವು. ನೆಲಕ್ಕೇ ಅಂಟಿ ಕೂರುವಂಥ ಬೀರು. ಅದನ್ನು ಕದಲಿಸಿದ ನೆನಪು ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದರಡಿಯ ನೆಲ ಮಂಕಾಗಿತ್ತು. ಕೈಯಾಡಿಸಿದರೆ ಸಣ್ಣಗೆ ತರಿತರಿ. ಬಗ್ಗಿ ನೋಡಿದರೆ ಕರಣೆ ಆಡಿದ ಕಮಾನು ಗೆರೆಗಳು, ಒಂದರ ಮೇಲೊಂದು, ಎಲ್ಲವೂ ಬಲದಿಂದ ಎಡಕ್ಕೆ. ಎರಡಡಿ ಆಚೆ, ಬಾಗಿಲಿಂದ ಅಡುಗೆಮನೆಗೆ ನಾವೆಲ್ಲ ಓಡಾಡುವ ದಾರಿಯಲ್ಲಿ, ಅದೇ ನೆಲ ಕಿಟಕಿಯ ಸರಳುಗಳ ನೆರಳು ತೇಲುವಷ್ಟು ಹೊಳೆಯುತ್ತಿತ್ತು. ಮೇಸ್ತ್ರಿ ಬಿಟ್ಟುಹೋದ ನೆಲ ಬೀರುವಿನಡಿ ಹಾಗೆಯೇ ಉಳಿದಿತ್ತು. ಮಿಕ್ಕದ್ದನ್ನು ಮಾಡಿದ್ದು ಮೂರು ತಲೆಮಾರಿನ ಬರಿಗಾಲು, ಒದ್ದೆ ಬಟ್ಟೆ, ಹಬ್ಬದ ಹಿಂದಿನ ದಿನ ಸವರುತ್ತಿದ್ದ ಕೊಬ್ಬರಿ ಎಣ್ಣೆ.

ಅವತ್ತು ಮಧ್ಯಾಹ್ನ ಇಡೀ ನಡುಮನೆಯನ್ನು ಹೊಸದಾಗಿ ನೋಡಿದಂತಾಯಿತು. ಅಡುಗೆಮನೆಯ ಹೊಸ್ತಿಲ ಬಳಿ ಬೆಳ್ಳನೆ ಕಲೆಗಳಿವೆ. ಹುಣಸೆ ರಸ, ನಿಂಬೆ ರಸ ಬಿದ್ದ ಗುರುತು. ಹುಳಿ ಸಿಮೆಂಟನ್ನು ತಿನ್ನುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಕಂಬದ ಬುಡದಿಂದ ಒಂದು ಕೂದಲೆಳೆ ಬಿರುಕು ಹೊರಟು ನಡುವೆ ಕವಲೊಡೆದು ಅಂಚಿನ ತನಕ ಹೋಗಿದೆ. ನೀರು ಆರುತ್ತಾ ಸಿಮೆಂಟು ಕುಗ್ಗುತ್ತದೆ, ಕುಗ್ಗುವಾಗ ಎಲ್ಲೋ ಒಂದು ಕಡೆ ಬಿಡುತ್ತದೆ. ಆದರೆ ಇಷ್ಟು ವರ್ಷ ಕಿಟಕಿಯ ಬಿಸಿಲು ಬಿದ್ದ ಕಡೆಯೂ ಕೆಂಪು ಮಾಸಿಲ್ಲ. ಗಾರೆಗೆ ಬೆರೆಸುವ ಕೆಂಪು ಪುಡಿ ರೆಡ್ ಆಕ್ಸೈಡ್, ಅಂದರೆ ಕಬ್ಬಿಣದ ಆಕ್ಸೈಡ್, ನಮ್ಮ ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಅದೇ. ಬಿಸಿಲಿಗಾಗಲಿ ಸಿಮೆಂಟಿನ ಕ್ಷಾರಕ್ಕಾಗಲಿ ಅದು ಜಗ್ಗುವುದಿಲ್ಲ.

ಇದನ್ನೆಲ್ಲ ಸಂಭ್ರಮದಿಂದ ಅಮ್ಮನಿಗೆ ತೋರಿಸಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ನಿನಗೆ ಹೊಳಪು ಕಾಣುತ್ತೆ, ನನಗೆ ನನ್ನ ಮಂಡಿ ಕಾಣುತ್ತೆ ಕಣೇ" ಅಂದರು.

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಕುಕ್ಕರಗಾಲಲ್ಲಿ ಕೂತು, ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಈ ನೆಲ ಒರೆಸಿದವರು ಅವರು. ಅವರಿಗಿಂತ ಮುಂಚೆ ಅಜ್ಜಿ. ಹಳೆ ಮನೆಗಳ ಸಹಜ ಸೌಂದರ್ಯ ಅಂತ ನಾವು ಫೋಟೋ ತೆಗೆದು ಹಂಚಿಕೊಳ್ಳುವುದರಲ್ಲಿ ಬಹುಪಾಲು ಹೆಂಗಸರ ಬೆನ್ನು, ಮಂಡಿ ಸವೆದು ಬಂದದ್ದು. ನೆಲ ಉಳಿಯಬೇಕು ಎನ್ನುವವರು ಅದನ್ನು ಒರೆಸಲೂ ಬೇಕು. ನಡುಮನೆಯನ್ನು ಇನ್ನು ಮೇಲೆ ನಾನು, ನನ್ನ ಗಂಡ, ಮಗ ಸರದಿಯಲ್ಲಿ ಒರೆಸುವುದು, ಅದೂ ಉದ್ದ ಕೋಲಿನ ಮಾಪಿನಲ್ಲಿ ಎಂದು ಮಾತಾಯಿತು. ಬಚ್ಚಲಿಗೆ ಜಾರದ ಟೈಲ್ಸನ್ನೇ ಹಾಕಿಸಿದೆವು. ಅಲ್ಲಿ ಅಮ್ಮ ಬೀಳದಿರುವುದೇ ಮುಖ್ಯ.

ಗಾರೆ ನೆಲ ಮಾಡಬಲ್ಲವರು ಈಗ ಸುಲಭಕ್ಕೆ ಸಿಗುವುದಿಲ್ಲ. ವಿಚಾರಿಸುತ್ತಾ ಹೋಗಿ ನಂಜನಗೂಡಿನ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರು. ಬಂದವರೇ ಚಪ್ಪಲಿ ಹೊರಗೆ ಬಿಟ್ಟು ಒಳಬಂದರು, ಹಳೆ ನೆಲವನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. "ನೋಡಮ್ಮಾ, ಬಣ್ಣ ಕೂಡಿಸಿ ಕೊಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ನಂಬಬ್ಯಾಡಿ. ತ್ಯಾಪೆ ತ್ಯಾಪೆನೇ. ಕಾಣ್ತದೆ. ಪರವಾಗಿಲ್ಲ ಅಂದ್ರೆ ಮಾಡ್ತೀನಿ." ನಾನು ಪರವಾಗಿಲ್ಲ ಅಂದೆ. ಅವರ ನೇರ ಮಾತು ಕೇಳಿ ಅಮ್ಮನಿಗೂ ಅವರ ಮೇಲೆ ಭರವಸೆ ಬಂತು.

ಮಾರನೆಯ ದಿನ ಬೆಳಿಗ್ಗೆ ಕೆಲಸ ಶುರು. ಒಂದು ಪಾಲು ಆಕ್ಸೈಡಿಗೆ ಮೂರು ಪಾಲು ಸಿಮೆಂಟು, ಇದು ಅವರ ಅಳತೆ. ಎರಡನ್ನೂ ಒಣದಾಗಿಯೇ ಬೆರೆಸಿ ಜರಡಿ ಹಿಡಿದರು, ಮತ್ತೆ ಹಿಡಿದರು. ಪುಡಿ ಸರಿಯಾಗಿ ಬೆರೆಯದಿದ್ದರೆ ನೆಲದಲ್ಲಿ ಎಳೆ ಎಳೆ ಕಾಣುತ್ತದಂತೆ. ಇಡೀ ಪಟ್ಟಿಗೆ ಬೇಕಾದಷ್ಟನ್ನೂ ಒಟ್ಟಿಗೇ ಬೆರೆಸಿಕೊಂಡರು. ಸಾಲದೆ ಬಂದು ಎರಡನೇ ಸಲ ಕಲಸಿದರೆ ಅದರ ಬಣ್ಣವೇ ಬೇರೆ. ಕೆಳಗೆ ಮರಳು ಸಿಮೆಂಟಿನ ಹಾಸು ಹಾಕಿ, ಅದು ಹಸಿಯಿರುವಾಗಲೇ ಮೇಲೆ ಕೆಂಪು ಗಾರೆ ಬಳಿದು ಮಟ್ಟಗೋಲು ಎಳೆದರು.

ಆಮೇಲೆ ಕಾಯುವುದು. ಮೇಲಕ್ಕೆ ಬಂದ ನೀರು ಆರುವ ತನಕ ಮುಟ್ಟುವ ಹಾಗಿಲ್ಲ, ಪೂರ್ತಿ ಆರಿದರೆ ಕರಣೆಗೆ ಬಗ್ಗುವುದಿಲ್ಲ. ಮೇಸ್ತ್ರಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು, ಆಗಾಗ ಎದ್ದು ಬಂದು ಬೆರಳು ಒತ್ತಿ ನೋಡಿ ಹೋದರು. ಹದ ಬಂದಾಗ ಅಡ್ಡಕ್ಕೆ ಹಲಗೆ ಹಾಕಿಕೊಂಡು ಮಂಡಿಯೂರಿದರು. ಸ್ಟೀಲ್ ಕರಣೆಯನ್ನು ಒಂದು ಬದಿ ಚೂರೇ ಎತ್ತಿ, ಮೈಭಾರವನ್ನೆಲ್ಲ ಮಣಿಕಟ್ಟಿಗೆ ಬಿಟ್ಟು ಉಜ್ಜತೊಡಗಿದರೆ ಗಾರೆಯಿಂದ ಸರ್ ಸರ್ ಎನ್ನುವ ಸದ್ದು ಬರುತ್ತಿತ್ತು. ಉಜ್ಜುತ್ತಾ ಹೋದಂತೆ ಅದು ಸಣ್ಣದಾಗಿ, ಕೊನೆಗೆ ಲೋಹದ ಮೇಲೆ ಲೋಹ ಆಡಿದ ಹಾಗೆ ಕೇಳಿಸಿತು. ಸದ್ದು ಬದಲಾದರೆ ನಿಲ್ಲಿಸಬೇಕು ಅಂದರು. ದೀಪ ಹಾಕುವ ಹೊತ್ತಿಗೆ ಮುಗಿಯಿತು. ಅವರ ಗೆರೆಗಳೂ ಕಮಾನೇ, ಆದರೆ ಎಡದಿಂದ ಬಲಕ್ಕೆ. ತಾತನ ಕಾಲದ ಮೇಸ್ತ್ರಿಯ ಕೈ ಬೇರೆ, ಇವರ ಕೈ ಬೇರೆ.

ಮರುದಿನ ಮಣ್ಣಿನ ಕಟ್ಟೆ ಕಟ್ಟಿ ವಾರವಿಡೀ ನೀರು ನಿಲ್ಲಿಸಿದೆವು. ನೀರು ತೆಗೆದಾಗ ಮೇಲೆಲ್ಲ ಬಿಳಿ ಪೊರೆ. ಅಮ್ಮ ಗಾಬರಿಯಾಗಿ ಫೋನು ಮಾಡಿಸಿದರು. "ಸುಣ್ಣ ಉಕ್ತದೆ ತಾಯಿ, ಒರೆಸ್ತಾ ಒರೆಸ್ತಾ ಹೋಯ್ತದೆ" ಎಂದರು ಮೇಸ್ತ್ರಿ. ಸಿಮೆಂಟಿನೊಳಗಿನ ಸುಣ್ಣ ನೀರಿನ ಜೊತೆ ಮೇಲೆದ್ದು ಗಾಳಿ ತಾಗಿ ಬೆಳ್ಳಗಾಗುವುದು ಅದು. ಒರೆಸುತ್ತಾ ಒರೆಸುತ್ತಾ ಹೋಯಿತು.

ತ್ಯಾಪೆ ಇವತ್ತಿಗೂ ಎದ್ದು ಕಾಣುತ್ತದೆ. ಹಳೆಯದು ಬೇಯಿಸಿದ ಬೀಟ್ರೂಟಿನ ಹಾಗೆ ಗಾಢ, ಹೊಸದು ಇನ್ನೂ ತಿಳಿ. ಬಂದವರೆಲ್ಲ ಇಲ್ಲೇನಾಗಿತ್ತು ಎಂದು ಕೇಳುತ್ತಾರೆ. ಅದರ ಮೇಲೆ ಚಾಪೆ ಹಾಸಿ ಮುಚ್ಚಿ ಎಂದವರೂ ಇದ್ದಾರೆ. ನನಗೆ ಅದು ಮುಚ್ಚಿಡುವಂಥದ್ದು ಅನಿಸುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ತನ್ನ ತೂಕದ ಶೇ. 0.5ಕ್ಕಿಂತ ಕಡಿಮೆ. ಹಾಗಾಗಿ ಅದಕ್ಕೆ ಎಣ್ಣೆಯೂ ಇಳಿಯುವುದಿಲ್ಲ, ಅರಿಶಿನವೂ ಹತ್ತುವುದಿಲ್ಲ. ಹಾಕಿದ ದಿನ ಹೇಗಿತ್ತೋ ಹಾಗೇ ಇರುತ್ತದೆ. ಅದರ ಗುಣವೇ ಅದು, ಅದು ಬೇಕಾದ ಜಾಗಗಳೂ ಇವೆ. ನಾವು ಕೂತು ಉಣ್ಣುವ, ಮಲಗುವ, ಮಕ್ಕಳು ಅಂಬೆಗಾಲಿಡುವ ನೆಲ ನಮ್ಮನ್ನು ಒಂದಿಷ್ಟು ಹೀರಿಕೊಳ್ಳಲಿ ಎನ್ನುವುದು ನನ್ನ ಆಸೆ.

ಇಂಥ ನೆಲ ಮಾಡಿಸಬೇಕೆಂದಿರುವವರು ಬಣ್ಣದ ಪುಡಿ ತರುವ ಮೊದಲು ಮೇಸ್ತ್ರಿಯನ್ನು ಹುಡುಕಿ. ಅವರು ಹೊಸದಾಗಿ ಮಾಡಿದ್ದನ್ನು ನೋಡಿ ಒಪ್ಪಬೇಡಿ, ಐದಾರು ವರ್ಷದ ಹಿಂದೆ ಮಾಡಿದ ಮನೆಗೆ ಕರೆದುಕೊಂಡು ಹೋಗಿ ಎನ್ನಿ. ಅಲ್ಲಿ ದಿನಾ ನೆಲ ಒರೆಸುವವರು ಯಾರೋ ಅವರನ್ನೂ ಮಾತಾಡಿಸಿ ಬನ್ನಿ.