ಆಂಜೆಯಿಂದ ನೃಪತುಂಗ ರಸ್ತೆಗೆ

ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಆರಂಭಿಸಿದವರು ಫ್ರಾನ್ಸಿನ ಆಂಜೆ ನಗರದಲ್ಲಿ ನೆಲೆಯಿದ್ದ ಗುಡ್ ಶೆಫರ್ಡ್ ಎಂಬ ಕ್ಯಾಥೊಲಿಕ್ ಸಭೆಯ ಸನ್ಯಾಸಿನಿಯರು. ಅವರು ಬೆಂಗಳೂರಿಗೆ ಬಂದದ್ದು 1854ರಲ್ಲಿ, ಅಂದರೆ ಸೂಯೆಜ್ ಕಾಲುವೆ ತೆರೆಯುವುದಕ್ಕೂ ಹದಿನೈದು ವರ್ಷ ಮೊದಲು.

ಅಷ್ಟು ದೂರ ಸನ್ಯಾಸಿನಿಯರನ್ನು ಕಳುಹಿಸಲು ಸಾಧ್ಯವಾದದ್ದು ಹೇಗೆಂಬುದೇ ನನಗೆ ಎಲ್ಲಕ್ಕಿಂತ ಕುತೂಹಲದ ಸಂಗತಿ. 1641ರಲ್ಲಿ ಫ್ರೆಂಚ್ ಪಾದ್ರಿ ಜಾನ್ ಯೂಡ್ಸ್ ಸ್ಥಾಪಿಸಿದ ಮೂಲ ಸಭೆಯಲ್ಲಿ ಪ್ರತಿಯೊಂದು ಮಠವೂ ಸ್ವತಂತ್ರವಾಗಿದ್ದುದರಿಂದ, ಒಂದು ಮಠದ ನೆರವು ಇನ್ನೊಂದಕ್ಕೆ ಒದಗುವುದು ಕಷ್ಟವಿತ್ತು. ಎಲ್ಲ ಮಠಗಳಿಗೂ ಒಬ್ಬರೇ ಮಹಾಮಾತೆ, ಅಂದರೆ ಮುಖ್ಯಸ್ಥೆ, ಇದ್ದರೆ ಅಗತ್ಯವಿದ್ದಲ್ಲಿಗೆಲ್ಲ ಸಹೋದರಿಯರನ್ನು ಕಳುಹಿಸಬಹುದೆಂದು ಆಂಜೆ ಮಠದ ಮುಖ್ಯಸ್ಥೆ ಮೇರಿ ಯೂಫ್ರೇಸಿಯಾ ಪೆಲೆಟಿಯೆ ಪಟ್ಟುಹಿಡಿದು, ವಿರೋಧಕ್ಕೆ ಜಗ್ಗದೆ, 1835ರಲ್ಲಿ ರೋಮ್‌ನ ಒಪ್ಪಿಗೆ ಪಡೆದರು. ಧರ್ಮಪ್ರಚಾರದ ಚರಿತ್ರೆಯನ್ನು ಹೇಳುವಾಗ ಹಡಗಿನ ಸಾಹಸವನ್ನು ವರ್ಣಿಸುವ ನಾವು ಈ ಆಡಳಿತದ ದೂರದೃಷ್ಟಿಯನ್ನು ಮರೆಯುತ್ತೇವೆ. ಅದು ಸರಿಯಲ್ಲವೆಂದು ನನ್ನ ಭಾವನೆ.

ನಮ್ಮ ಸೋದರತ್ತೆ ಆ ಆಸ್ಪತ್ರೆಯಲ್ಲಿದ್ದಾಗ, ಹಿರಿಯ ಸಿಸ್ಟರ್ ಒಬ್ಬರು ಬೆಳಿಗ್ಗೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ದಿಂಬು ಸರಿಪಡಿಸುತ್ತಾ, “ರಾತ್ರಿ ನಿದ್ದೆ ಬಂತಾ ಅಮ್ಮಾ?” ಎಂದು ಅಚ್ಚಗನ್ನಡದಲ್ಲಿ ವಿಚಾರಿಸುತ್ತಿದ್ದರು.

1868ರಲ್ಲಿ ತೀರಿಕೊಂಡ ಯೂಫ್ರೇಸಿಯಾ ಈ ಆಸ್ಪತ್ರೆಯನ್ನು ಕಾಣಲಿಲ್ಲ. 1940ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.